ಯಾವ ಕಲ್ಯಾಣಸ್ವಾಮಿ?

ಕಳೆದ ವರ್ಷ ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ಕೊಡಗು ಮತ್ತು ಕರಾವಳಿಯ ಚರಿತ್ರೆಯನ್ನು ವಸ್ತುವಾಗಿಸಿಕೊಂಡ ಕನ್ನಡ ಕಾದಂಬರಿಗಳ ಮೇಲಿನ ಅಧ್ಯಾಯ ಅದು. ಓದುಗರಿಗೆ ಹಿನ್ನೆಲೆ ಇರಲಿ ಎಂದು ಆರಂಭದಲ್ಲೇ ಒಂದು ವಾಕ್ಯ ಬರೆದಿದ್ದೆ: 1837ರಲ್ಲಿ ಕಲ್ಯಾಣಸ್ವಾಮಿಯ ನೇತೃತ್ವದ ರೈತರ ದಂಡು ಮಂಗಳೂರನ್ನು ಗೆದ್ದು ಹದಿಮೂರು ದಿನ ಆಳಿತು. ಕರಡು ವಾಪಸು ಬಂದಾಗ ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನ ಎರಡು ಪ್ರಶ್ನೆಗಳಿದ್ದವು. 'ಯಾವ ಕಲ್ಯಾಣಸ್ವಾಮಿ?' ಎಂಬುದು ಮೊದಲನೆಯದು. 'ಯಾರು ಎಣಿಸಿದ್ದು?' ಎಂಬುದು ಎರಡನೆಯದು.

ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಬೆಳ್ಳಾರೆಗೂ ಪುತ್ತೂರಿಗೂ ನಡುವಿನ ಹಳ್ಳಿಯಲ್ಲಿ. ಆ ದಂಡು ನಡೆದ ದಾರಿಯಲ್ಲೇ ನಾನು ಕಾಲೇಜಿಗೆ ಬಸ್ಸು ಹತ್ತಿದವಳು. ಮಕ್ಕಳೆಲ್ಲ ಸೇರಿ ಜಗಲಿಯಲ್ಲಿ ಗಲಾಟೆ ಎಬ್ಬಿಸಿದರೆ 'ಎಂತ ಮಕ್ಕಳೇ ಇದು, ಕಲ್ಯಾಣಪ್ಪನ ಕಾಟಕಾಯಿ' ಎಂದು ಅಜ್ಜಿ ಗದರುತ್ತಿದ್ದರು. ಹೀಗಾಗಿ ಆ ವಾಕ್ಯ ಬರೆಯುವಾಗ ನನಗೆ ಅನುಮಾನವೇ ಬರಲಿಲ್ಲ. ಅಂತರ್ಜಾಲದಲ್ಲಿ ಹುಡುಕಿದ್ದೆ, ಹತ್ತು ಕಡೆ ಅದೇ ಇತ್ತು, ಬರೆದೆ. ಹತ್ತು ಕಡೆ ಇರುವುದು ಸುಳ್ಳಾಗಲು ಹೇಗೆ ಸಾಧ್ಯ ಎಂಬ ಧೈರ್ಯ. ಆ ಧೈರ್ಯವನ್ನೇ ಇಲ್ಲಿ ಪರೀಕ್ಷಿಸಬೇಕೆಂದಿದ್ದೇನೆ.

ಮೊದಲು ಘಟನೆಯ ರೂಪರೇಖೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂಬ ಹೊಸ ಕಟ್ಟಳೆ ಬಂತು. ಭತ್ತ ಬೆಳೆದವನು ಅದನ್ನು ಮಾರಿ ನಾಣ್ಯ ಮಾಡಿಕೊಳ್ಳಬೇಕು. ನಾಣ್ಯ ಇದ್ದದ್ದು ವ್ಯಾಪಾರಿಯ ಕೈಯಲ್ಲಿ. ಮೂರು ವರ್ಷದಲ್ಲಿ ಸಿಟ್ಟು ಸಿಡಿಯಿತು. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡ, ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡ ಮುಂತಾದವರ ಮುಂದಾಳತ್ವದಲ್ಲಿ ದಂಡು ಕಟ್ಟಿ, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಬಂಟ್ವಾಳಗಳನ್ನು ದಾಟಿ 1837ರ ಏಪ್ರಿಲ್ ಮೊದಲ ವಾರ ಜನ ಮಂಗಳೂರನ್ನು ಹೊಕ್ಕರು. ನಂದಾವರದ ಲಕ್ಷ್ಮಪ್ಪ ಬಂಗರಸ ಜೊತೆಗೂಡಿದ. ಹೊರಗಿನಿಂದ ಕಂಪನಿಯ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು. ಅಪ್ಪಯ್ಯ ಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇನ್ನು ಕಲ್ಯಾಣಸ್ವಾಮಿ. ಇಲ್ಲಿ ಹೆಸರುಗಳು ಮೂರು. ಹಾಲೇರಿ ಅರಸು ಮನೆತನದವನೆಂದು ಹೇಳಿಕೊಂಡು ಜಂಗಮ ವೇಷದಲ್ಲಿ ಓಡಾಡಿದ ಅಪರಂಪಾರ ಒಬ್ಬ. ಅದೇ ಬಗೆಯ ಹಕ್ಕು ಹೇಳಿದ ಕಲ್ಯಾಣಸ್ವಾಮಿ ಇನ್ನೊಬ್ಬ. ದಂಡು ಮಂಗಳೂರಿನ ಕಡೆ ಹೊರಡುವ ಹೊತ್ತಿಗೆ ಇಬ್ಬರೂ ಸೆರೆಯಲ್ಲಿದ್ದರು. ಮೂರನೆಯವನು ಶನಿವಾರಸಂತೆ ಕಡೆಯ ರೈತ ಪುಟ್ಟಬಸಪ್ಪ. ಇವನನ್ನೇ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಿ ದಂಡು ನಡೆಸಲಾಯಿತು. ಎಂದರೆ ನನ್ನ ವಾಕ್ಯದಲ್ಲಿದ್ದ ಕಲ್ಯಾಣಸ್ವಾಮಿ ಕಲ್ಯಾಣಸ್ವಾಮಿಯೇ ಅಲ್ಲ. ಇದು ಕ್ಷುಲ್ಲಕ ತಿದ್ದುಪಡಿ ಎಂದು ನಿಮಗೆ ಅನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ಸೆರೆಯಲ್ಲಿರುವ ಒಬ್ಬನ ಹೆಸರನ್ನು ಇನ್ನೊಬ್ಬ ರೈತ ಹೊತ್ತುಕೊಳ್ಳುವುದು, ಆ ಹೆಸರಿಗಾಗಿ ಸಾಯುವುದು, ಸುತ್ತಲಿನ ಮುಂದಾಳುಗಳು ಅದನ್ನು ಬಲ್ಲವರಾಗಿಯೇ ಅವನ ಹಿಂದೆ ನಡೆಯುವುದು - ಈ ಹೋರಾಟದ ಬಗ್ಗೆ ತಿಳಿಯಬೇಕಾದ ಬಹುಮುಖ್ಯ ಸಂಗತಿ ಇದೇ ಇರಬಹುದು. ನಾನು ಓದಿದ ಹತ್ತು ಪುಟಗಳಲ್ಲಿ ಏಳರಲ್ಲಿ ಮೂವರೂ ಒಬ್ಬರಾಗಿಬಿಟ್ಟಿದ್ದರು. ಪುಟ್ಟಬಸಪ್ಪ ಎರಡನೆಯ ಸಲ ಸತ್ತದ್ದು ಅಲ್ಲಿ.

ಕನ್ನಡ ಎಂ.ಎ. ಓದಿದ ಎಲ್ಲರೂ ಗ್ರಂಥಸಂಪಾದನೆ ಎಂಬ ಪತ್ರಿಕೆಯನ್ನು ಪರೀಕ್ಷೆಗಾಗಿ ಉರುಹೊಡೆದು ಮರೆತಿರುತ್ತೇವೆ. ನಾನೂ ಮರೆತಿದ್ದೆ. ಪೆನ್ಸಿಲಿನ ಪ್ರಶ್ನೆಗಳು ಕಣ್ಣ ಮುಂದಿರುವಾಗ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಮತ್ತೆ ತೆಗೆದೆ. ಆ ಶಾಸ್ತ್ರದ ಮೊದಲ ಪಾಠಗಳಲ್ಲೊಂದು ಹೀಗೆ: ಒಂದೇ ಕೃತಿಯ ಹತ್ತು ಓಲೆಪ್ರತಿಗಳು ಸಿಕ್ಕಿದ ಮಾತ್ರಕ್ಕೆ ಹತ್ತು ಸಾಕ್ಷಿಗಳು ಸಿಕ್ಕಂತಲ್ಲ. ಹತ್ತರಲ್ಲಿ ಒಂಬತ್ತು ಪ್ರತಿಗಳು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ದರೆ ಆ ಒಂಬತ್ತೂ ಒಂದೇ ಮಾತೃಕೆಯಿಂದ ಇಳಿದವು. ಅವನ್ನು ಒಂದು ಎಂದೇ ಎಣಿಸಬೇಕು. ಒಂಟಿಯಾಗಿ ನಿಂತ ಹತ್ತನೆಯ ಪ್ರತಿಯ ತೂಕ ಆ ಒಂಬತ್ತಕ್ಕೆ ಸಮವಾಗಬಹುದು, ಹೆಚ್ಚೂ ಆಗಬಹುದು. ಸರಿಯಾದ ಪಾಠ ಎರಡು ಪ್ರತಿಗಳಲ್ಲಿ ತಾನಾಗಿ ಉಳಿದಿರಬಹುದು. ಆದರೆ ಒಂದೇ ವಿಚಿತ್ರ ತಪ್ಪನ್ನು ಇಬ್ಬರು ಲಿಪಿಕಾರರು ಬೇರೆಬೇರೆಯಾಗಿ ಮಾಡುವುದು ಅಪರೂಪ. ತಪ್ಪುಗಳೇ ಪ್ರತಿಗಳ ವಂಶಾವಳಿ ಹೇಳುತ್ತವೆ.

ಅಂತರ್ಜಾಲದ ಪುಟಗಳನ್ನು ಓಲೆಪ್ರತಿಗಳಂತೆ ಓದತೊಡಗಿದೆ. ಹತ್ತನ್ನೂ ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡು, ಹೊಂದುವ ವಾಕ್ಯಗಳ ಕೆಳಗೆ ಒಂದೇ ಬಣ್ಣದ ಗೆರೆ ಹಾಕುತ್ತ ಹೋದೆ. ಸಂಜೆಯ ಹೊತ್ತಿಗೆ ಎಂಟು ಪುಟಗಳು ಒಂದೇ ಬಣ್ಣವಾದವು. ಅದೇ ವಿಶೇಷಣಗಳು, ಅದೇ ಕ್ರಮದಲ್ಲಿ ಹೆಸರುಗಳು, ಒಂದು ಊರಿನ ಹೆಸರಿನ ಅದೇ ಕಾಗುಣಿತದೋಷ. ನನ್ನ ಹತ್ತು ಸಾಕ್ಷಿಗಳು ಮೂರಕ್ಕೆ ಇಳಿದಿದ್ದವು. ಅವುಗಳಲ್ಲೂ ಎರಡು, ತಾವು ಯಾವುದನ್ನು ನೋಡಿ ಬರೆದೆವೆಂದು ಹೇಳಿರಲಿಲ್ಲ.

'ಹದಿಮೂರು ದಿನ'ದ ಕತೆಯೂ ಇದೇ. ಈ ಸಂಖ್ಯೆ ನನ್ನ ಎಲ್ಲ ಪುಟಗಳಲ್ಲಿತ್ತು. ಆದರೆ ಯಾವ ದಿನದಿಂದ ಯಾವ ದಿನದವರೆಗೆ ಎಂದು ಒಂದೂ ಹೇಳಿರಲಿಲ್ಲ. ಏಪ್ರಿಲ್ 5 ಎಂಬ ಆರಂಭದ ದಿನ ಸಿಗುತ್ತದೆ, ಕೊನೆಯ ದಿನ ಸಿಗುವುದಿಲ್ಲ. ಎಣಿಕೆ ಎಂದರೆ ಎರಡು ತುದಿ ಬೇಕು. ಒಂದೇ ತುದಿ ಇರುವ ಸಂಖ್ಯೆಯನ್ನು ನಾವು ನಂಬುವುದು ಅದು ಸಂಖ್ಯೆಯಾಗಿರುವ ಕಾರಣಕ್ಕೇ. 'ಕೆಲವು ದಿನ' ಎಂದಿದ್ದರೆ ಯಾರೆಂದು ಕೇಳುತ್ತಿದ್ದೆವು. 'ಹದಿಮೂರು' ಎಂದಾಗ ಯಾರೋ ಎಣಿಸಿರುತ್ತಾರೆ ಎಂದು ಸುಮ್ಮನಾಗುತ್ತೇವೆ. ಆ ಸಂಖ್ಯೆ ತಪ್ಪೆಂದು ನಾನು ಹೇಳುತ್ತಿಲ್ಲ. ದಾರಿ ತೋರಿಸದ ಸಂಖ್ಯೆಯನ್ನು ಪ್ರಬಂಧದಲ್ಲಿ ಇಟ್ಟದ್ದು ನನ್ನ ತಪ್ಪು ಎನ್ನುತ್ತಿದ್ದೇನೆ.

ಹಾಗಾದರೆ ಮೂಲಕ್ಕೆ ಹೋಗೋಣ ಎಂದು ಹೊರಟವರಿಗೆ ಮೊದಲು ಎದುರಾಗುವುದು ಹೆಸರುಗಳ ಕಾಡು. ಪುತ್ತೂರು ಎಂದು ಹುಡುಕಿದರೆ ಆಂಧ್ರದ ಪುತ್ತೂರು ಬರುತ್ತದೆ. ಕಡಬ ಎಂದು ಹುಡುಕಿದರೆ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಕಡಬ ಬರುತ್ತದೆ. ರಾಷ್ಟ್ರಕೂಟರ ಕಾಲದ ಪ್ರಸಿದ್ಧ ಕಡಬ ತಾಮ್ರಶಾಸನ ಸಿಕ್ಕಿದ್ದು ಅಲ್ಲಿ. ನಮ್ಮ ಕಡಬದ ಪ್ರಾಚೀನತೆಗೆ ಆ ಶಾಸನವನ್ನು ಸಾಕ್ಷಿಯಾಗಿ ತಂದ ವಿದ್ಯಾರ್ಥಿ ಬರಹವನ್ನು ನಾನೇ ತಿದ್ದಿದ್ದೇನೆ. ಇನ್ನು ಬ್ರಿಟಿಷ್ ಕಾಲದ ವರದಿಗಳಲ್ಲಿ ಪುತ್ತೂರು ತಾಲೂಕೆಂದು ಹುಡುಕುತ್ತ ಕೂತರೆ ದಿನವೆಲ್ಲ ಹೋದರೂ ಏನೂ ಸಿಗದು. ಏಕೆಂದರೆ ಆಗ ಈ ಇಡೀ ಸೀಮೆ ಉಪ್ಪಿನಂಗಡಿ ತಾಲೂಕು. ಇಂದು ಪುತ್ತೂರು ತಾಲೂಕಿನೊಳಗಿನ ಒಂದು ಪೇಟೆಯಾಗಿರುವ ಉಪ್ಪಿನಂಗಡಿಯ ಹೆಸರಿನ ಕೆಳಗೆ ಪುತ್ತೂರಿನ ಚರಿತ್ರೆ ಅಡಗಿದೆ. ಸುಳ್ಯವನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆಯುತ್ತಿದ್ದರು, ಕೆನರಾವನ್ನು ಎರಡು ಬಗೆಯಲ್ಲಿ. ಕನ್ನಡದಲ್ಲೇ ಕಾಟಕಾಯಿ ಎಂದೂ ಕಾಟುಕಾಯಿ ಎಂದೂ ಬರೆಯುವವರಿದ್ದಾರೆ. ಒಂದನ್ನು ಹುಡುಕಿದರೆ ಇನ್ನೊಂದು ತಪ್ಪಿಹೋಗುತ್ತದೆ.

ಎರಡನೆಯ ತೊಡಕು ಅಕ್ಷರದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಎಷ್ಟೋ ಸರ್ಕಾರಿ ಆದೇಶಗಳು, ವಿಶ್ವವಿದ್ಯಾನಿಲಯದ ಪ್ರಬಂಧಗಳು ಜಾಲದಲ್ಲಿದ್ದೂ ಹುಡುಕಾಟಕ್ಕೆ ಸಿಗದಿರುವುದು ಇದರಿಂದ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ ಯಾರೋ ಅವಸರದಲ್ಲಿ ಒತ್ತಿರುವುದರಿಂದ, ಹೆಸರನ್ನು ತಪ್ಪಾಗಿ ಬರೆದು ಹುಡುಕುವ ಕಲೆ ನಮಗೆ ತಿಳಿದಿರಬೇಕು. ನಾನು ಒಂದು ಪುಸ್ತಕವನ್ನು ಕೊನೆಗೂ ಹಿಡಿದದ್ದು ಲೇಖಕರ ಹೆಸರಿನ ಒಂದು ಅಕ್ಷರ ಬಿಟ್ಟು ಹುಡುಕಿದಾಗ.

ಸರ್ಕಾರಿ ಜಾಲತಾಣವನ್ನು ಮಾತ್ರ ನಂಬಿ ಎಂದು ತರಗತಿಗಳಲ್ಲಿ ಹೇಳುತ್ತೇವೆ. ಒಳ್ಳೆಯ ಸಲಹೆ, ಆದರೆ ಅರ್ಧ ಸಲಹೆ. ಇಂದಿನ ಆಡಳಿತದ ಸಂಗತಿಗೆ, ಎಂದರೆ ಯಾವ ಗ್ರಾಮ ಯಾವ ತಾಲೂಕಿನಲ್ಲಿದೆ, ಯಾವ ಕಚೇರಿ ಎಲ್ಲಿದೆ ಎಂಬುದಕ್ಕೆ, ಜಿಲ್ಲಾಡಳಿತದ ತಾಣವೇ ಆಧಾರ. ಆದರೆ ಸರ್ಕಾರದ ಅಂಕಿಯನ್ನೂ ಅದರ ವರ್ಷದೊಡನೆ ಓದಬೇಕು. 2011ರ ಜನಗಣತಿಯ ಹೊತ್ತಿಗೆ ಕಡಬ ತಾಲೂಕಾಗಿರಲಿಲ್ಲ. ಅದರ ಗ್ರಾಮಗಳು ಆಗ ಪುತ್ತೂರು, ಸುಳ್ಯ ತಾಲೂಕುಗಳ ಲೆಕ್ಕದಲ್ಲಿದ್ದವು. ಹೀಗಿರುವಾಗ '2011ರ ಪ್ರಕಾರ ಕಡಬ ತಾಲೂಕಿನ ಜನಸಂಖ್ಯೆ' ಎಂದು ಒಂದು ಅಂಕಿ ಕಂಡರೆ ಅದು ಕಡಬ ಗ್ರಾಮದ್ದೇ, ಯಾರೋ ಗ್ರಾಮಗಳನ್ನು ಕೂಡಿಸಿ ತೆಗೆದದ್ದೇ ಎಂದು ಕೇಳಲೇಬೇಕು. ಹಾಗೆಯೇ ಇಂದಿನ ಸುಳ್ಯ ತಾಲೂಕಿನ ಅಂಕಿಯನ್ನು 2011ರ ಸುಳ್ಯದ ಅಂಕಿಯೊಡನೆ ಹೋಲಿಸಿ 'ಜನಸಂಖ್ಯೆ ಕುಸಿದಿದೆ' ಎಂದರೆ ಕುಸಿದದ್ದು ಜನ ಅಲ್ಲ, ಗಡಿ.

ಗಡಿಯ ಈ ಚಲನೆ 1837ರ ಕಡತಗಳನ್ನೂ ಚದುರಿಸಿದೆ. ದಂಡಿನ ಒಂದು ಕಾಲು ಮೈಸೂರಿನ ಕಮಿಷನರರ ಕೈಕೆಳಗಿದ್ದ ಕೊಡಗಿನಲ್ಲಿತ್ತು, ಇನ್ನೊಂದು ಮದ್ರಾಸ್ ಪ್ರಾಂತದ ಕೆನರಾ ಜಿಲ್ಲೆಯಲ್ಲಿ. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿನ ಭಾಗ. ಹಾಗಾಗಿ ಸುಳ್ಯದ ರೈತನ ಬಗ್ಗೆ ಮಂಗಳೂರಿನ ಕಲೆಕ್ಟರ್ ಬರೆದ ಪತ್ರವನ್ನು ಬೆಂಗಳೂರಿನಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಅದಕ್ಕೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಬಾಗಿಲು ತಟ್ಟಬೇಕು. ಕರ್ನಾಟಕದ ತಾಣಗಳಲ್ಲಿ ಇಲ್ಲವೆಂದರೆ ಇಲ್ಲವೇ ಇಲ್ಲ ಎಂದರ್ಥವಲ್ಲ. ನ್ಯಾಷನಲ್ ಆರ್ಕೈವ್ಸ್‌ನ 'ಅಭಿಲೇಖ್ ಪಟಲ್', ಪ್ರಬಂಧಗಳ ಭಂಡಾರವಾದ 'ಶೋಧಗಂಗಾ' ಇವುಗಳಿಂದ ಕುಳಿತಲ್ಲೇ ಒಂದಿಷ್ಟು ದಾರಿ ಸಾಗಬಹುದು. ಎನ್. ಶ್ಯಾಮ ಭಟ್ ಅವರು 1799ರಿಂದ 1860ರವರೆಗಿನ ದಕ್ಷಿಣ ಕನ್ನಡದ ವಸಾಹತು ಆಡಳಿತವನ್ನೂ ಅದಕ್ಕೆ ಇಲ್ಲಿನ ಜನ ಕೊಟ್ಟ ಪ್ರತಿಕ್ರಿಯೆಯನ್ನೂ ಕುರಿತು ಬರೆದ ಇಂಗ್ಲಿಷ್ ಪುಸ್ತಕದಂಥ ಕೆಲಸಗಳು ಕಡತಗಳಿಗೆ ಹೋಗಿ ಬಂದವು. ಅವುಗಳ ಅಡಿಟಿಪ್ಪಣಿಯನ್ನು ಹಿಡಿದು ನಡೆದರೆ ಕಡತ ಸಂಖ್ಯೆಯವರೆಗೆ ತಲುಪುತ್ತೇವೆ.

ಸರಿ, ಹಳೆಯ ಪುಸ್ತಕ ಸಿಕ್ಕಿತು ಎನ್ನೋಣ. ಅಲ್ಲಿಗೆ ಸತ್ಯ ಸಿಕ್ಕಿತೇ? ಸಾಹಿತ್ಯದ ವಿದ್ಯಾರ್ಥಿಯ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ. 1837ರಲ್ಲಿ ಕನ್ನಡದಲ್ಲಿ ಪತ್ರಿಕೆಯೇ ಇರಲಿಲ್ಲ. ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಟದ್ದು 1843ರಲ್ಲಿ, ಈ ಘಟನೆಯ ಆರು ವರ್ಷದ ಬಳಿಕ. ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್. ಕೊಡಗಿನ ಚರಿತ್ರೆಯನ್ನು 1855ರಲ್ಲಿ ಇಂಗ್ಲಿಷಿನಲ್ಲಿ ಬರೆದವರೂ ಅವರೇ. ಅವರ ಹಿಂದೆ 1870ರಲ್ಲಿ ರಿಕ್ಟರ್ ಅವರ ಕೊಡಗಿನ ಕೈಪಿಡಿ ಬಂತು. 1894ರಲ್ಲಿ ಸ್ಟರಕ್ ಅವರ ದಕ್ಷಿಣ ಕೆನರಾ ಕೈಪಿಡಿ. ಮೂರೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಮತ್ತು ಜಾಲದ ಬಹುಪಾಲು ಬರಹಗಳ ಮುತ್ತಜ್ಜ ಮುತ್ತಜ್ಜಿಯರು ಇವೇ. ಇವುಗಳಲ್ಲಿ ದಂಡೆದ್ದವರು ವಂಚಕರು ಅಥವಾ ವಂಚನೆಗೆ ಒಳಗಾದವರು. ನಿಷ್ಠೆ ಎಂಬ ಪದ ಕಂಪನಿಯ ಪಕ್ಕದಲ್ಲಿ ನಿಂತವರಿಗೆ ಮೀಸಲು. ಕಂದಾಯವನ್ನು ನಗದು ಮಾಡಿದ್ದು ತೊಂದರೆಯಾಯಿತು ಎಂಬ ಒಪ್ಪಿಗೆಯೂ ಅವುಗಳಲ್ಲಿದೆ. ಆದರೆ ಅದು ಆಡಳಿತದ ಎಡವಟ್ಟಾಗಿ ಕಾಣುತ್ತದೆಯೇ ಹೊರತು ದಂಡೇಳಲು ನ್ಯಾಯವಾದ ಕಾರಣವಾಗಿ ಅಲ್ಲ.

ಹಾಗೆಂದು ಆ ಪುಸ್ತಕಗಳನ್ನು ಎಸೆದುಬಿಡಲೂ ಆಗದು. ಮೂವರು ಬೇರೆಬೇರೆ ವ್ಯಕ್ತಿಗಳೆಂಬುದನ್ನು ಉಳಿಸಿಕೊಟ್ಟದ್ದು, ಸೆರೆಹಿಡಿದು ವಿಚಾರಣೆ ಮಾಡಿದ ಅದೇ ವಸಾಹತು ದಾಖಲೆ. 'ವಂಚಕ' ಎಂದು ಬೈಯಲಿಕ್ಕಾದರೂ ಅವರು ಪುಟ್ಟಬಸಪ್ಪನ ಹೆಸರು ಬರೆದಿಟ್ಟುಕೊಂಡರು. ಅಭಿಮಾನದಿಂದ ಬರೆದ ನಾವು ಅದನ್ನು ಅಳಿಸಿದೆವು. ಶತ್ರು ಬರೆದ ಕಡತವನ್ನು ಶತ್ರುವಿನ ಬೈಗುಳ ಬಿಡಿಸಿ ಓದಬೇಕು. ಮಿತ್ರ ಬರೆದ ಪುಟವನ್ನು ಮಿತ್ರನ ಹೊಗಳಿಕೆ ಬಿಡಿಸಿ ಓದಬೇಕು. ಎರಡೂ ಒಂದೇ ಬಗೆಯ ಶ್ರಮ ಕೇಳುತ್ತವೆ.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಪಠ್ಯ ಒಂದು ಪದಕ. ದಂಡನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಒಂದು ಪದಕ ಕೊಟ್ಟಿತು. 1837ರ ಏಪ್ರಿಲ್ ಎಂದು ಅದರ ಮೇಲಿದೆ. ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದು ಮುಖದಲ್ಲಿ ಕೊಡಗಿನ ಯೋಧನ ಚಿತ್ರದೊಂದಿಗೆ ಕನ್ನಡ ಬರಹ. ಚಿತ್ರಗಳು ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಈ ಘಟನೆಯ ಬಗ್ಗೆ ಅಚ್ಚಾದ ಬಹು ಹಳೆಯ ಕನ್ನಡ ಮಾತುಗಳಲ್ಲಿ ಅದೂ ಒಂದು, ಮತ್ತು ಅದು ಸೋತವರದ್ದಲ್ಲ. ನಮ್ಮ ಭಾಷೆ ಆಗ ಎರಡೂ ಕಡೆ ಇತ್ತು ಎಂಬುದನ್ನು ಆ ಸಣ್ಣ ಲೋಹದ ತುಂಡು ನೆನಪಿಸುತ್ತದೆ. ಜಾಲದ ಕನ್ನಡ ಬರಹಗಳಲ್ಲಿ ಈ ಇನ್ನೊಂದು ಮುಖ ಸಾಮಾನ್ಯವಾಗಿ ಕಾಣುವುದಿಲ್ಲ. ಊರವರಲ್ಲೇ ಕೆಲವರು ಕಂಪನಿಯ ಜೊತೆ ನಿಂತರು, ಊರವನೇ ಆದ ಅಮಲ್ದಾರ ದಂಡಿನವರ ಕೈಯಲ್ಲಿ ಸತ್ತ ಎಂಬುದನ್ನು ಹೇಳಿದರೆ ಹೋರಾಟ ಸಣ್ಣದಾಗುತ್ತದೆಂಬ ಅಳುಕು. ನನಗನಿಸುವಂತೆ, ಹೇಳದೆ ಇದ್ದಾಗಲೇ ಅದು ನಾಟಕದ ದೃಶ್ಯದಷ್ಟು ಸಪಾಟಾಗುತ್ತದೆ.

ಹೆಸರನ್ನೇ ನೋಡಿ. ಕಂಪನಿಯವರಿಗೆ ಅದು ಕೊಡಗಿನ ಬಂಡಾಯ. ಊರ ಮಾತಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ; ಕಟಕ ಎಂದರೆ ದಂಡು, ಆದರೆ ಕಿವಿಗೆ ಕಾಟವೂ ಕೇಳಿಸುತ್ತದೆ, ಅಜ್ಜಿಯ ಗದರಿಕೆಯಲ್ಲಿ ಕೇಳಿಸುತ್ತಿದ್ದದ್ದು ಅದೇ. ಎಡಪಂಥೀಯ ಬರಹಗಳಲ್ಲಿ ರೈತ ದಂಗೆ. ಈಚಿನ ವೇದಿಕೆಗಳಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ. ಒಂದೊಂದು ಹೆಸರೂ ಒಂದು ವಾದ. ಇವುಗಳಲ್ಲಿ 'ಪ್ರಥಮ' ಎಂಬ ವಿಶೇಷಣ ನನ್ನನ್ನು ಹೆಚ್ಚು ಕಾಡಿತು. 1857ಕ್ಕಿಂತ 20 ವರ್ಷ ಮೊದಲು ಎಂಬುದು ನಿಜ. ಆದರೆ ಕಿತ್ತೂರು ಕಾದಾಡಿದ್ದು 1824ರಲ್ಲಿ, ಸಂಗೊಳ್ಳಿ ರಾಯಣ್ಣ ಗಲ್ಲಿಗೇರಿದ್ದು 1831ರಲ್ಲಿ, ನಗರದ ರೈತರು ಎದ್ದದ್ದು 1830-31ರಲ್ಲಿ. ಅದೇ 1830-31ರಲ್ಲಿ ಕೆನರಾದ ರೈತರೇ ಕೂಟ ಕಟ್ಟಿ ಕಂದಾಯ ನಿರಾಕರಿಸಿದ್ದರು. ಈ ಕೊನೆಯದನ್ನು ನೆನೆದರೆ 1837 ಆಕಾಶದಿಂದ ಬಿದ್ದ ಸಿಡಿಲಾಗಿ ಕಾಣದೆ, ಏಳು ವರ್ಷದಿಂದ ಹೊಗೆಯಾಡುತ್ತಿದ್ದ ಒಲೆಯಾಗಿ ಕಾಣುತ್ತದೆ. 'ಪ್ರಥಮ' ಎಂಬ ಪದವಿ ಕೊಟ್ಟು ನಾವು ಅದರ ನಂಟಸ್ತಿಕೆಯನ್ನು ಕಿತ್ತುಕೊಳ್ಳುತ್ತಿದ್ದೇವೆ.

ಬಾವುಟಗುಡ್ಡೆಯ ವಿಷಯವೂ ಹೀಗೆಯೇ. ದಂಡು ಬಾವುಟ ಹಾರಿಸಿದ್ದರಿಂದ ಆ ಹೆಸರು ಬಂತೆಂದು ಎಲ್ಲೆಡೆ ಓದುತ್ತೇವೆ. 2022ರ ನವೆಂಬರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅಲ್ಲೇ ಎದ್ದಿತು. ಅದೇ ಗುಡ್ಡಕ್ಕೆ ಲೈಟ್‌ಹೌಸ್ ಹಿಲ್ ಎಂಬ ಇನ್ನೊಂದು ಹೆಸರಿದೆ. ಹಡಗುಗಳಿಗೆ ದೀಪ ತೋರಿಸುತ್ತಿದ್ದ ಗುಡ್ಡದ ಮೇಲೆ ಬಾವುಟಕ್ಕೆ ಬೇರೆ ಕೆಲಸವೂ ಇದ್ದಿರಬಹುದಲ್ಲ? ಪ್ರತಿಮೆ ಅಲ್ಲಿರುವುದು ನನಗೆ ಸಂತೋಷವೇ. ಹೆಸರಿನ ವ್ಯುತ್ಪತ್ತಿಯನ್ನು ಘಟನೆಗೆ ಸಾಕ್ಷಿ ಮಾಡುವುದು, ಮತ್ತೆ ಘಟನೆಯನ್ನು ವ್ಯುತ್ಪತ್ತಿಗೆ ಸಾಕ್ಷಿ ಮಾಡುವುದು ಮಾತ್ರ ಗಾಣದೆತ್ತಿನ ಸುತ್ತು.

ನನ್ನ ಅಧ್ಯಾಯದ ವಸ್ತುವಾದ ಕಾದಂಬರಿಗಳಿಗೆ ಬರುತ್ತೇನೆ. ಚಿಕ್ಕವೀರರಾಜೇಂದ್ರ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವ ಮುಖ ಮಾಸ್ತಿಯವರು 1956ರಲ್ಲಿ ಬರೆದದ್ದು. 1837ರ ಕತೆಯನ್ನು ಕಾದಂಬರಿಯಾಗಿಸಿದವರು ನಿರಂಜನ. 'ಸ್ವಾಮಿ ಅಪರಂಪಾರ', 'ಕಲ್ಯಾಣಸ್ವಾಮಿ' ಎಂದು ಎರಡು ಕೃತಿಗಳು. ಹೆಸರುಗಳನ್ನು ಗಮನಿಸಿ: ಜಾಲದ ಪುಟಗಳು ಒಂದಾಗಿಸಿದ ಇಬ್ಬರನ್ನು ಕಾದಂಬರಿಕಾರ ಎರಡು ಪುಸ್ತಕಗಳಲ್ಲಿ ಇಟ್ಟಿದ್ದಾರೆ. ಕಲ್ಪನೆ ಬರೆಯುತ್ತೇನೆಂದು ಮುಖಪುಟದಲ್ಲೇ ಒಪ್ಪಿಕೊಂಡವರು, ಚರಿತ್ರೆ ಬರೆಯುತ್ತೇವೆ ಎಂದವರಿಗಿಂತ ಈ ವಿಷಯದಲ್ಲಿ ಎಚ್ಚರದಿಂದಿದ್ದರು.

ಅದಕ್ಕೊಂದು ಕಾರಣವೂ ಇದೆ ಎಂದುಕೊಂಡಿದ್ದೇನೆ. ನಿರಂಜನ 1924ರಲ್ಲಿ ಹುಟ್ಟಿದ್ದು ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದಲ್ಲಿ. ಪುಸ್ತಕಗಳಲ್ಲಿ ಅದು ಸುಳ್ಯ ತಾಲೂಕು, ಇಂದು ಕಡಬ ತಾಲೂಕು. ಅವರು ಕಾದಂಬರಿಕಾರರಷ್ಟೇ ಆಗಿರಲಿಲ್ಲ. ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳ ಪ್ರಧಾನ ಸಂಪಾದಕರು. ಅವರಿಗೂ ಮೊದಲು ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟ ಬರೆದಿದ್ದರು, ಮುಂದೆ 'ವಿಜ್ಞಾನ ಪ್ರಪಂಚ'. ಕನ್ನಡದಲ್ಲಿ ಮಕ್ಕಳಿಗೆ ಲೋಕವನ್ನು ತಿಳಿಸುವ ಎರಡು ದೊಡ್ಡ ಪ್ರಯತ್ನಗಳ ಹಿಂದೆ ಈ ಮೂರು ತಾಲೂಕಿನ ಇಬ್ಬರಿದ್ದಾರೆ. ಆ ಸಂಪುಟಗಳಲ್ಲಿ ತಪ್ಪುಗಳಿಲ್ಲವೆಂದಲ್ಲ, ಎಷ್ಟೋ ಸಂಗತಿಗಳು ಇಂದು ಹಳತಾಗಿವೆ. ಆದರೆ ತಪ್ಪಿದ್ದರೆ ಯಾರ ತಪ್ಪೆಂದು ಗೊತ್ತು. ಹೆಸರಿದೆ, ಇಸವಿ ಇದೆ, ಮುಂದಿನ ಮುದ್ರಣದಲ್ಲಿ ತಿದ್ದುವ ಹೊಣೆ ಇದೆ.

ಜಾಲದಲ್ಲಿ ಆ ಹೊಣೆಯನ್ನು ಎಲ್ಲಿ ಹುಡುಕುವುದು? ವಿಕಿಪೀಡಿಯವನ್ನು ನಂಬಬಾರದೆಂಬ ಮಾತು ನಮ್ಮ ವಿಭಾಗಗಳಲ್ಲಿ ಮಂತ್ರದಂತಾಗಿದೆ. ನನ್ನ ಅನುಭವದಲ್ಲಿ ಅದು ಇತರ ಅನೇಕ ತಾಣಗಳಿಗಿಂತ ಪ್ರಾಮಾಣಿಕ. ಏಕೆಂದರೆ ಪ್ರತಿ ಲೇಖನದ ಮೇಲೆ ಎರಡು ಕೊಂಡಿಗಳಿವೆ: ಒಂದು ಚರ್ಚೆ, ಇನ್ನೊಂದು ಇತಿಹಾಸ. ಯಾವ ವಾಕ್ಯ ಯಾವಾಗ ಸೇರಿತು, ಯಾರು ತೆಗೆದರು, ಏಕೆ ಜಗಳವಾಯಿತು ಎಂಬುದೆಲ್ಲ ಅಲ್ಲಿದೆ. ಪಾಠಾಂತರಗಳನ್ನು ಬಚ್ಚಿಡದ ಪ್ರತಿ ಅದು. ನಾವು ಲೇಖನವನ್ನು ನಕಲು ಮಾಡುತ್ತೇವೆ, ಆ ಕೊಂಡಿಗಳನ್ನು ಒತ್ತುವುದಿಲ್ಲ. ಇದಕ್ಕೆ ತದ್ವಿರುದ್ಧ, ಈಗ ಮಕ್ಕಳು ಪ್ರಶ್ನೆ ಕೇಳುವ ಎಐ. ಅದು ತಿಳಿಯಾದ ಕನ್ನಡದಲ್ಲಿ, ತಡವರಿಸದೆ, ಮೂವರು ಕಲ್ಯಾಣಸ್ವಾಮಿಗಳನ್ನು ಬೆಸೆದು ಒಂದು ಪ್ಯಾರಾ ಕೊಟ್ಟುಬಿಡಬಲ್ಲದು. ನೂರು ಪ್ರತಿಗಳನ್ನು ಓದಿ ನೂರೊಂದನೆಯ ಪ್ರತಿ ಬರೆಯುವ ಲಿಪಿಕಾರ ಅದು. ಎಲ್ಲಿಂದ ತಂದೆ ಎಂದು ಕೇಳುವ ಅಭ್ಯಾಸ ನಮಗೆ ಇರದಿದ್ದರೆ ಹೇಳುವ ಅಭ್ಯಾಸ ಅದಕ್ಕೂ ಬಾರದು.

ಈ ಬರಹ ಮುಗಿಸುವ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಸುಳ್ಯದಲ್ಲಿ ಪಿಯುಸಿ ಓದುತ್ತಿದ್ದಾಳೆ, ಭಾಷಣ ಸ್ಪರ್ಧೆಯಲ್ಲಿ ಅಮರ ಸುಳ್ಯದ ವಿಷಯ. 'ಅಕ್ಕ, ಒಂದು ಪುಟದಲ್ಲಿ ಒಂದು ಉಂಟು, ಇನ್ನೊಂದರಲ್ಲಿ ಇನ್ನೊಂದು ಉಂಟು. ಯಾವುದು ಹೇಳುದು ನಾನು?' ಎಂದಳು. ಎರಡನ್ನೂ ಹೇಳು, ಯಾರು ಹಾಗೆ ಹೇಳಿದ್ದೆಂದೂ ಹೇಳು ಎಂದೆ. 'ಐದು ನಿಮಿಷ ಮಾತ್ರ ಇರುದು ಅಕ್ಕ' ಎಂದಳು. ಅದೂ ನಿಜ. ಹಾಗಾದರೆ ಹದಿಮೂರು ದಿನ ಬಿಡು, ಪುಟ್ಟಬಸಪ್ಪನನ್ನು ಬಿಡಬೇಡ ಎಂದೆ.

ನನ್ನ ವಾಕ್ಯವನ್ನೂ ತಿದ್ದಿದ್ದೇನೆ. ಈಗ ಅದು ಹೀಗಿದೆ: 1834ರಲ್ಲಿ ಕೊಡಗಿನಿಂದ ಕೆನರಾಕ್ಕೆ ಸೇರಿದ ಅಮರ ಸುಳ್ಯ, ಪುತ್ತೂರು ಸೀಮೆಯ ರೈತರು, ಸೆರೆಯಲ್ಲಿದ್ದ ಕಲ್ಯಾಣಸ್ವಾಮಿಯ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು, 1837ರ ಏಪ್ರಿಲ್ ಆರಂಭದಲ್ಲಿ ಮಂಗಳೂರನ್ನು ಪ್ರವೇಶಿಸಿದರು. ಮೊದಲಿನದಕ್ಕಿಂತ ಉದ್ದವಾಗಿದೆ, ಅಷ್ಟೊಂದು ಓಟವಿಲ್ಲ. ಪ್ರತಿ ಭಾಗಕ್ಕೂ ಕೆಳಗೆ ಒಂದೊಂದು ಅಡಿಟಿಪ್ಪಣಿ ಇದೆ. ಕರಡನ್ನು ಮತ್ತೆ ಕೊಟ್ಟಿದ್ದೇನೆ. ಈ ಸಲ ಪೆನ್ಸಿಲು ಎಲ್ಲಿ ನಿಲ್ಲುತ್ತದೋ ನೋಡಬೇಕು.